ಓಪನ್ ಸೋರ್ಸ್ ಪ್ರಾಜೆಕ್ಟಿಗೆ ನಿಯಮ ಬರೆಯುವುದು ಹೇಗೆ?

ಜಗಳ ಶುರುವಾದ ಮೇಲೆ ನಿಯಮ ಬರೆಯಲು ಕೂರುವವರನ್ನು ಬೇಕಾದಷ್ಟು ನೋಡಿದ್ದೇನೆ. ಆಗ ಏನು ಬರೆದರೂ ಎದುರಿಗಿರುವವರಿಗೆ ಅದು ತಮ್ಮ ಮೇಲೇ ಬರೆದದ್ದು ಅನಿಸುತ್ತದೆ. ನಾನು ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುತ್ತಿದ್ದ ಒಂದು ಸಣ್ಣ ಪ್ರಾಜೆಕ್ಟ್ ಹೀಗೇ ಒಡೆದು ಎರಡಾಯಿತು. ಕೋಡ್ ಚೆನ್ನಾಗಿತ್ತು, ಬಳಸುವವರೂ ಇದ್ದರು. ಕೊನೆಯ ಮಾತು ಯಾರದು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಆರು ತಿಂಗಳಲ್ಲಿ ಎರಡು ಹೋಳೂ ನಿಂತುಹೋದವು.

ಹಾಗಾಗಿ, ಎರಡನೆಯವರೊಬ್ಬರು ನಿಮಗೆ ಕೋಡ್ ಕಳಿಸಿದ ವಾರವೇ ಕೂತು ಬರೆಯಿರಿ. ಎರಡು ಪುಟ ಸಾಕು.

ಮೊದಲ ಹೆಜ್ಜೆ: ಲೈಸೆನ್ಸ್, ಅಂದರೆ ಬೇರೆಯವರು ನಿಮ್ಮ ಕೋಡನ್ನು ಹೇಗೆ ಬಳಸಬಹುದು ಎಂಬ ಪರವಾನಗಿ. ಎಂಐಟಿ, ಅಪಾಚೆ 2.0, ಜಿಪಿಎಲ್ ಇವುಗಳಲ್ಲಿ ಒಂದನ್ನು ಹಾಕಿ ಮುಂದೆ ಹೋಗಿ. ಸ್ವಂತ ಲೈಸೆನ್ಸ್ ಬರೆಯಬೇಡಿ.

ಎರಡನೆಯದು: ಕೋಡ್ ಕಳಿಸುವವರಿಗೆ ಸೂಚನೆ. ಇದು ‘ಕಾಂಟ್ರಿಬ್ಯೂಟಿಂಗ್’ ಎಂಬ ಹೆಸರಿನ ಫೈಲಿನಲ್ಲಿ, ರೆಪೊದ (ಪ್ರಾಜೆಕ್ಟಿನ ಕೋಡ್ ಇರುವ ಜಾಗದ) ಮೇಲ್ಮಟ್ಟದಲ್ಲೇ ಇರಲಿ. ಬಿಲ್ಡ್ ಮಾಡುವುದು ಹೇಗೆ, ಟೆಸ್ಟ್ ಓಡಿಸುವುದು ಹೇಗೆ, ಉತ್ತರಕ್ಕೆ ಎಷ್ಟು ದಿನ ಕಾಯಬೇಕು ಎಂದು ಬರೆಯಿರಿ. ಎರಡು ವಾರ ಬೇಕಿದ್ದರೆ ಎರಡು ವಾರ ಎಂದೇ ಹೇಳಿ. ದೊಡ್ಡ ಬದಲಾವಣೆಯನ್ನು ಮೊದಲು ಚರ್ಚಿಸಿ, ಆಮೇಲೆ ಕೋಡ್ ಬರೆಯಿರಿ ಎಂಬ ಸಾಲನ್ನು ಬಿಡಲೇಬೇಡಿ. ಯಾರೋ ಒಂದು ತಿಂಗಳ ರಾತ್ರಿಗಳನ್ನು ಸುರಿದು ಮಾಡಿದ ಕೆಲಸಕ್ಕೆ ‘ಇದು ನಮಗೆ ಬೇಡ’ ಎಂದು ಹೇಳುವುದು ತುಂಬಾ ನೋವಿನ ವಿಷಯ.

ಎಐ ಬರೆದ ಕೋಡಿನ ಬಗ್ಗೆಯೂ ನಿಮ್ಮ ನಿಲುವು ಅಲ್ಲೇ ಇರಲಿ. ಆಪರೇಟಿಂಗ್ ಸಿಸ್ಟಮ್ ಪ್ರಾಜೆಕ್ಟ್‌ಗಳಾದ ಜೆಂಟೂ ಮತ್ತು ನೆಟ್‌ಬಿಎಸ್‌ಡಿ 2024ರಲ್ಲಿ ಅದಕ್ಕೆ ತಡೆ ಹಾಕಿದವು. ನಾನಾಗಿದ್ದರೆ ಇಷ್ಟು ಕೇಳುತ್ತೇನೆ: ಕಳಿಸಿದ ಪ್ರತಿ ಸಾಲನ್ನೂ ನೀವೇ ವಿವರಿಸಲು ಬರಬೇಕು.

ಇಲ್ಲೇ ಇನ್ನೊಂದು ಮಾತು. ಇಂತಿಷ್ಟು ದಿನ ಯಾರೂ ಮಾತಾಡದಿದ್ದರೆ ದೋಷದ ದೂರುಗಳನ್ನು ತಾನಾಗಿಯೇ ಮುಚ್ಚುವ ಬಾಟ್‌ಗಳಿವೆಯಲ್ಲ, ಅವನ್ನು ಹಾಕಬೇಡಿ. ದೂರು ಮುಚ್ಚುತ್ತದೆ, ದೋಷ ಹಾಗೇ ಉಳಿಯುತ್ತದೆ. ಕಷ್ಟಪಟ್ಟು ವರದಿ ಬರೆದವರು ಇನ್ನೊಮ್ಮೆ ಬರೆಯುವುದಿಲ್ಲ.

ಮೂರನೆಯದು: ಕೋಡಿನ ಹಕ್ಕು. ಇಲ್ಲಿ ಎರಡು ದಾರಿ. ಸಿಎಲ್ಎ ಎಂದರೆ ಕೋಡ್ ಕಳಿಸುವವರು ಪ್ರಾಜೆಕ್ಟಿನ ಒಡೆಯರ ಜೊತೆ ಮಾಡಿಕೊಳ್ಳುವ ಒಪ್ಪಂದ. ಡಿಸಿಒ ಎಂದರೆ ‘ಈ ಕೋಡ್ ಕಳಿಸುವ ಹಕ್ಕು ನನಗಿದೆ’ ಎಂದು ಪ್ರತಿ ಕಮಿಟ್‌ನ (ದಾಖಲಿಸುವ ಬದಲಾವಣೆಯ) ಕೊನೆಯಲ್ಲಿ ಹೆಸರು, ಇಮೇಲ್ ಹಾಕುವುದು. ಎಸ್‌ಸಿಒ ಕಂಪನಿ ಲಿನಕ್ಸ್ ಕೋಡಿನ ವಿಷಯದಲ್ಲಿ ಐಬಿಎಂ ಮೇಲೆ ಮೊಕದ್ದಮೆ ಹೂಡಿದ ಮೇಲೆ, 2004ರಲ್ಲಿ ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಪ್ರಾಜೆಕ್ಟ್ ಈ ಡಿಸಿಒ ಪದ್ಧತಿ ತಂದಿತು. ಸಣ್ಣ ಪ್ರಾಜೆಕ್ಟಿಗೆ ಡಿಸಿಒ ಸಾಕು, ಸಿಎಲ್ಎ ಬೇಡ. ಮುಂದೆ ಲೈಸೆನ್ಸ್ ಬದಲಿಸುವ ಶಕ್ತಿಯನ್ನು ಸಿಎಲ್ಎ ಸಾಮಾನ್ಯವಾಗಿ ಒಬ್ಬರ ಕೈಗೆ ಕೊಟ್ಟುಬಿಡುತ್ತದೆ. 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್ ಎಂಬ ಸಾಫ್ಟ್‌ವೇರ್‌ನ ಲೈಸೆನ್ಸ್ ಬದಲಾದಾಗ ಬೇಸತ್ತವರು ಓಪನ್‌ಟೋಫು ಎಂಬ ಫೋರ್ಕ್ (ಅದೇ ಕೋಡಿನ ಬೇರೆ ಕವಲು) ಮಾಡಿಕೊಂಡು ಹೊರನಡೆದದ್ದು ನೆನಪಿರಲಿ.

ನಾಲ್ಕನೆಯದು: ತೀರ್ಮಾನ ಮಾಡುವುದು ಯಾರು, ಹೇಗೆ. ಜಾಸ್ತಿ ಜನ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

‘ಎಲ್ಲರೂ ಒಪ್ಪಿದರೆ ಮಾಡೋಣ’ ಎಂದು ಬರೆದು ಮುಗಿಸುವವರೇ ಹೆಚ್ಚು. ಎಲ್ಲರೂ ಒಪ್ಪುವಾಗ ನಿಯಮದ ಅಗತ್ಯವೇ ಇಲ್ಲ ಅಲ್ವಾ? ಒಪ್ಪದಿದ್ದಾಗ ಏನು ಎಂದು ಬರೆಯಬೇಕು.

ಶುರುವಿನಲ್ಲಿ ಒಬ್ಬರೇ ತೀರ್ಮಾನಿಸುವುದು ತಪ್ಪಲ್ಲ. ಹಾಗಿದ್ದರೆ ಹಾಗೆಂದೇ ಬರೆಯಿರಿ. ಜೊತೆಗೆ ಅವರು ಬಿಟ್ಟುಹೋದರೆ ಮುಂದೇನು ಎಂಬುದನ್ನೂ ಬರೆಯಿರಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹುಟ್ಟುಹಾಕಿ ಅದರ ಕೊನೆಯ ಮಾತು ಹೇಳುತ್ತಿದ್ದ ಗೀಡೊ ವಾನ್ ರಾಸಮ್ 2018ರ ಜುಲೈನಲ್ಲಿ ಆ ಸ್ಥಾನದಿಂದ ಇಳಿದರು. ಪಿಇಪಿ 572 ಎಂಬ, ಭಾಷೆಗೆ ಬದಲಾವಣೆ ತರುವ ಒಂದು ಪ್ರಸ್ತಾವದ ಮೇಲೆ ನಡೆದ ವಾದ ಅವರನ್ನು ಅಷ್ಟು ದಣಿಸಿತ್ತು. ಉತ್ತರಾಧಿಕಾರಿಯನ್ನೂ ಅವರು ಹೆಸರಿಸಲಿಲ್ಲ. ಹೊಸ ವ್ಯವಸ್ಥೆ ಯಾವುದೆಂದು ಮತ ಹಾಕಿ ಆರಿಸುವಷ್ಟರಲ್ಲಿ ಡಿಸೆಂಬರ್ ಬಂದಿತ್ತು. ಅಷ್ಟು ದೊಡ್ಡ ಬಳಗ ಅದನ್ನು ತಾಳಿಕೊಂಡಿತು. ಮೂರು ಜನರ ಪ್ರಾಜೆಕ್ಟ್ ತಾಳುವುದಿಲ್ಲ.

ಪೈಥಾನ್ ಬಳಗ ಆಗ ಬರೆದುಕೊಂಡ ನಿಯಮಗಳನ್ನು ಒಮ್ಮೆ ಓದಿ. 5 ಜನರ ಸ್ಟೀರಿಂಗ್ ಕೌನ್ಸಿಲ್ (ತೀರ್ಮಾನ ಮಾಡುವ ಸಮಿತಿ), ಚುನಾವಣೆಯಿಂದ ಆಯ್ಕೆ. ಒಂದೇ ಕಂಪನಿಯ ಕೆಲಸಗಾರರು ಅದರಲ್ಲಿ ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಈ ಕೊನೆಯ ಸಾಲನ್ನು ನೀವೂ ಸೇರಿಸಿಕೊಳ್ಳಿ. ಇಡೀ ಫೈಲನ್ನು ನಕಲು ಮಾಡಬೇಡಿ. ನಾಲ್ಕೇ ಜನರಿರುವ ಪ್ರಾಜೆಕ್ಟ್‌ಗಳು ದೊಡ್ಡವರ ಫೈಲ್ ಎತ್ತಿ ಹಾಕಿಕೊಂಡದ್ದನ್ನು ನೋಡಿದ್ದೇನೆ. ತುಂಬಲು ಜನವಿಲ್ಲದ ಸಮಿತಿಗಳ ಹೆಸರು ಸುಮ್ನೆ ಕೂತಿರುತ್ತದೆ.

ದಿನನಿತ್ಯದ ಕೆಲಸಕ್ಕೆ ಅಪಾಚೆ ಪ್ರಾಜೆಕ್ಟ್‌ಗಳ ‘ಲೇಜಿ ಕನ್ಸೆನ್ಸಸ್’ ಪದ್ಧತಿಯೇ ಒಳ್ಳೆಯದು. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರಲ್ಲ, ಅದೇ ಇದು. ಹೀಗೆ ಮಾಡಲಿದ್ದೇನೆ ಎಂದು ಎಲ್ಲರಿಗೂ ಕಾಣುವ ಕಡೆ ತಿಳಿಸಿ 72 ಗಂಟೆ ಕಾಯುವುದು. ಯಾರೂ ಬೇಡ ಎನ್ನದಿದ್ದರೆ ಮುಂದುವರಿಯುವುದು. ಕೋಡಿನ ವಿಷಯದಲ್ಲಿ ಮೈನಸ್ ಒಂದು, ಅಂದರೆ ಬೇಡ ಎಂಬ ಮತ ಹಾಕಿದರೆ ಅದು ವೀಟೊ, ಒಬ್ಬರೇ ತಡೆಯಬಹುದು. ಆದರೆ ತಾಂತ್ರಿಕ ಕಾರಣ ಕೊಡಲೇಬೇಕು, ಕಾರಣವಿಲ್ಲದ ವೀಟೊ ಲೆಕ್ಕಕ್ಕಿಲ್ಲ. ‘ನನಗೆ ಇಷ್ಟವಿಲ್ಲ’ ಎಂಬುದು ಕಾರಣವಲ್ಲ.

ಹಣದ ವಿಷಯ, ಜನರನ್ನು ಸೇರಿಸುವ, ತೆಗೆಯುವ ವಿಷಯ ಬೇರೆ. ಅಲ್ಲಿ ವೀಟೊ ಇಡಬೇಡಿ, ಮತ ಇಡಿ. ಸಮ ಬಂದರೆ ಬದಲಾವಣೆ ಇಲ್ಲ ಎಂದು ಬರೆಯಿರಿ. ಚಾಟ್‌ನಲ್ಲಿ ಮಾತಾಡಿಕೊಂಡದ್ದು ತೀರ್ಮಾನವಲ್ಲ, ರೆಪೊದಲ್ಲಿ ಬರೆದದ್ದೇ ತೀರ್ಮಾನ ಎಂದೂ ಸೇರಿಸಿ. ರಾತ್ರಿ ಎಚ್ಚರವಿದ್ದ ಇಬ್ಬರು ಎಲ್ಲವನ್ನೂ ಮುಗಿಸಿಬಿಟ್ಟರೆ ಬೆಳಿಗ್ಗೆ ಬಂದವರಿಗೆ ಬೇಸರವಾಗದೆ ಇರುತ್ತದೆಯೇ?

ಐದನೆಯದು: ಬೀಗದ ಕೈ. ಮರ್ಜ್ ಮಾಡುವ (ಬಂದ ಕೋಡನ್ನು ಪ್ರಾಜೆಕ್ಟಿಗೆ ಸೇರಿಸುವ), ಬಿಡುಗಡೆ ಮಾಡುವ ಅಧಿಕಾರ ಯಾರಿಗೆ, ಯಾವಾಗ? 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜಿನ ಅಧಿಕಾರವನ್ನು ಸಹಾಯ ಮಾಡುತ್ತೇನೆ ಎಂದು ಬಂದ ಅಪರಿಚಿತರಿಗೆ ಕೊಟ್ಟರು. ಬಿಟ್‌ಕಾಯಿನ್ ಕದಿಯುವ ಕೋಡ್ ಒಳಗೆ ಬಂತು. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್‌ನ ಪ್ರಕರಣ ಇದಕ್ಕಿಂತ ಕಠೋರ. ಒಂಟಿಯಾಗಿ ಪ್ರಾಜೆಕ್ಟ್ ನೋಡಿಕೊಂಡು ದಣಿದಿದ್ದ ಮೇಂಟೇನರ್ ಮೇಲೆ ಬೇರೆ ಬೇರೆ ಹೆಸರುಗಳಿಂದ ಒತ್ತಡ ಹಾಕಲಾಯಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿದ ಖಾತೆಯಿಂದಲೇ ಗುಟ್ಟಾಗಿ ಒಳನುಗ್ಗಲು ಬಿಡುವ ‘ಹಿಂಬಾಗಿಲು’ ಕೋಡ್ ಸೇರಿತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಒಬ್ಬ ಇಂಜಿನಿಯರ್ ಗಮನಿಸಿದ್ದರಿಂದ ಅದು ಸಿಕ್ಕಿಬಿತ್ತು.

ಕಾಲ ಕಳೆದ ಮಾತ್ರಕ್ಕೆ ನಂಬಿಕೆ ಹುಟ್ಟಬೇಕಿಲ್ಲ ಎಂದಾಯಿತು. ಅದಕ್ಕೇ ಯಾರ ಕೋಡೇ ಆಗಲಿ, ಇನ್ನೊಬ್ಬರು ನೋಡದೆ ಮರ್ಜ್ ಆಗಬಾರದು. ನಿಮ್ಮದೂ ಸೇರಿ. ಹೊಸಬರಿಗೆ ಅಧಿಕಾರ ಕೊಡಲು ಇಬ್ಬರು ಹಳಬರ ಒಪ್ಪಿಗೆ ಬೇಕು. ಬೇಗ ಕೊಡಿ ಎಂದು ಯಾರಾದರೂ ಒತ್ತಾಯಿಸಿದರೆ ಅವತ್ತು ಕೊಡಬೇಡಿ. ಡೊಮೈನ್, ಪ್ಯಾಕೇಜ್ ಖಾತೆ, ಸಹಿ ಮಾಡುವ ಕೀ ಯಾರ ಬಳಿ ಇವೆ ಎಂದು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಇಬ್ಬರ ಹೆಸರಿರಲಿ. ಒಂದು ವರ್ಷ ಕಾಣಿಸದವರ ಅಧಿಕಾರ ತಾನಾಗಿ ಇಳಿಯಲಿ, ಹೆಸರು ಗೌರವದ ಪಟ್ಟಿಯಲ್ಲಿ ಉಳಿಯಲಿ, ಮರಳಿ ಬರಲು ಒಂದು ಸಂದೇಶ ಸಾಕಾಗಲಿ. ಮಗು ಹುಟ್ಟಿತು, ಕೆಲಸ ಬದಲಾಯಿತು ಎಂದು ದೂರ ಹೋದವರು ತಪ್ಪಿತಸ್ಥರಂತೆ ತಲೆತಗ್ಗಿಸಬಾರದು.

ಆರನೆಯದು: ನಡವಳಿಕೆಯ ಸಂಹಿತೆ. ಕಾಂಟ್ರಿಬ್ಯೂಟರ್ ಕವನೆಂಟ್ ಎಂಬ ಸಿದ್ಧ ಸಂಹಿತೆಯನ್ನು ತೆಗೆದುಕೊಳ್ಳಿ. ಲಿನಕ್ಸ್ ಕರ್ನಲ್ ಕೂಡ 2018ರಿಂದ ಅದನ್ನೇ ಬಳಸುತ್ತಿದೆ. ಅದರಲ್ಲಿ ದೂರಿನ ಇಮೇಲ್ ತುಂಬಬೇಕಾದ ಖಾಲಿ ಜಾಗವೊಂದಿದೆ. ಅದನ್ನು ತುಂಬದೆ ಬಿಟ್ಟ ರೆಪೊಗಳನ್ನು ಕಂಡಿದ್ದೇನೆ. ಇಬ್ಬರ ವಿಳಾಸ ಹಾಕಿ. ಒಬ್ಬರ ಮೇಲೆಯೇ ದೂರಿದ್ದರೆ ಇನ್ನೊಬ್ಬರಿಗೆ ಬರೆಯಲಿ. ಮೇಲಿನವರು ಯಾರಿಗೆ ಉತ್ತರ ಕೊಡಬೇಕು ಎಂಬುದೂ ಇಲ್ಲಿರಲಿ. 2021ರ ನವೆಂಬರ್‌ನಲ್ಲಿ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮಾಡರೇಶನ್ ತಂಡ (ನಡವಳಿಕೆಯ ದೂರು ನೋಡುವವರು) ಇಡಿಯಾಗಿ ರಾಜೀನಾಮೆ ಕೊಟ್ಟಿತು. ಕೋರ್ ತಂಡ ಯಾರಿಗೂ ಉತ್ತರ ಕೊಡಬೇಕಿಲ್ಲದ ಸ್ಥಿತಿಯಲ್ಲಿದೆ ಎಂಬುದೇ ಅವರ ದೂರು.

ಕೊನೆಯದು. ಈ ನಿಯಮಗಳನ್ನೇ ಬದಲಿಸುವುದು ಹೇಗೆ ಎಂಬ ಸಾಲು. ಎರಡು ವಾರದ ಚರ್ಚೆ, ಮೂರರಲ್ಲಿ ಎರಡು ಪಾಲು ಮತ ಎಂದಿಡಿ. ಎಲ್ಲ ಬರೆದಾದ ಮೇಲೆ ನೇರವಾಗಿ ಸೇರಿಸಬೇಡಿ. ಪುಲ್ ರಿಕ್ವೆಸ್ಟ್ (ಇದನ್ನು ಸೇರಿಸಿ ಎಂಬ ಕೋರಿಕೆ) ಆಗಿ ಕಳಿಸಿ, ಉಳಿದ ಮೇಂಟೇನರ್‌ಗಳನ್ನು ಓದಲು ಕರೆದು, 72 ಗಂಟೆ ಕಾಯಿರಿ.