ಬೇರಿಯಾಟ್ರಿಕ್ ಸರ್ಜರಿಯ ನಂತರ ದಿಢೀರನೆ ಏರುವ ತೂಕ: ಕಾರಣ ಹುಡುಕುವ ನನ್ನ ಕ್ರಮ

ತೂಕ ಇಳಿಸಲೆಂದು ಜಠರವನ್ನು ಚಿಕ್ಕದು ಮಾಡುವ ಈ ಸರ್ಜರಿಯಾಗಿ ತೂಕ ಚೆನ್ನಾಗಿ ಇಳಿಯುತ್ತಿದ್ದವರು "ಊಟ ಅಷ್ಟೇ ಇದೆ, ಆದರೂ 4 ದಿನದಲ್ಲಿ 3 ಕೆ.ಜಿ. ಏರಿದೆ" ಎಂದು ಬಂದಾಗ, ಊಟದ ಪಟ್ಟಿಗಿಂತ ಮೊದಲು ನಾನು ತಾರೀಖುಗಳನ್ನು ಕೇಳುತ್ತೇನೆ. ಯಾವ ದಿನ ಎಷ್ಟಿತ್ತು, ಯಾವಾಗಿನಿಂದ ಏರತೊಡಗಿತು. ಏರಿದ ವೇಗ ಗೊತ್ತಾದರೆ ಏರಿದ್ದೇನು ಎಂಬುದು ಮುಕ್ಕಾಲು ಪಾಲು ಗೊತ್ತಾದಂತೆ.

ಲೆಕ್ಕ ಸರಳ. ಮೈಗೆ 1 ಕೆ.ಜಿ. ಕೊಬ್ಬು ಸೇರಬೇಕಾದರೆ ಖರ್ಚಾಗುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ಒಳಗೆ ಹೋಗಬೇಕು. 3 ಕೆ.ಜಿ.ಗೆ 23,000 ಕ್ಯಾಲೊರಿ. ಸ್ಲೀವ್ ಸರ್ಜರಿಯಲ್ಲಿ ಜಠರದ 75ರಿಂದ 80 ಶೇಕಡಾ ತೆಗೆದಿರುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಉಳಿಸಿ ನೇರ ಕರುಳಿಗೆ ಜೋಡಿಸುವ ಚೀಲ ಸುಮಾರು 30 ಮಿ.ಲೀ. ಹಿಡಿಯುವಷ್ಟು ಚಿಕ್ಕದು. ಅಂಥ ಹೊಟ್ಟೆಗೆ 4 ದಿನದಲ್ಲಿ ಅಷ್ಟನ್ನು ತುಂಬಲು ಆಗುವುದಿಲ್ಲ. ದಿನಗಳಲ್ಲಿ ಏರಿದ ತೂಕ ನೀರಿನದು, ತಿಂಗಳುಗಳಲ್ಲಿ ಏರಿದ್ದು ಹೆಚ್ಚಾಗಿ ಕೊಬ್ಬಿನದು. ಈ ಎರಡಕ್ಕೂ ಹುಡುಕಾಟದ ದಾರಿ ಬೇರೆ ಬೇರೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ತೂಕ ಏರಿದ್ದು ಕಂಡ ಕೂಡಲೇ ಬಹಳ ಜನ ಊಟ ಕಡಿಮೆ ಮಾಡುತ್ತಾರೆ, ಕೆಲವರು ಎರಡು ಮೂರು ದಿನ ದ್ರವದ ಮೇಲೇ ಇದ್ದುಬಿಡುತ್ತಾರೆ. ಏರಿಕೆಗೆ ಪ್ರೋಟೀನ್ ಕೊರತೆಯೋ ಥಯಾಮಿನ್ ಕೊರತೆಯೋ ಕಾರಣವಾಗಿದ್ದರೆ ಈ ಉಪವಾಸ ಅದನ್ನು ಇನ್ನಷ್ಟು ಕೆಡಿಸುತ್ತದೆ. ಕಾರಣ ತಿಳಿಯುವವರೆಗೆ ಊಟ ಕಡಿತ ಮಾಡಬೇಡಿ.

ಮೊದಲು ಯಂತ್ರದ ಪರೀಕ್ಷೆ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನೂ ಕುಡಿಯುವ ಮುಂಚೆ, ಒಂದೇ ರೀತಿಯ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲೆ ತೂಗಬೇಕು. ಚಾಪೆ, ಕಾರ್ಪೆಟ್ ಮೇಲಿಟ್ಟ ಯಂತ್ರ ತಪ್ಪು ತೋರಿಸುತ್ತದೆ. ಬ್ಯಾಟರಿ ಕ್ಷೀಣಿಸಿದಾಗಲೂ ಅಷ್ಟೇ. ಒಂದು ಲೀಟರಿನ ಎರಡು ನೀರಿನ ಬಾಟಲಿ ಹಿಡಿದು ಮತ್ತೊಮ್ಮೆ ಹತ್ತಿ ನೋಡಿ: ಅಂಕಿ ಸುಮಾರು 2 ಕೆ.ಜಿ. ಏರದಿದ್ದರೆ ಆ ಯಂತ್ರವನ್ನು ನಂಬಬೇಡಿ. ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರಗಳು ಮೈಯಲ್ಲಿ ನೀರು ಹೆಚ್ಚಿದಾಗ ದಾರಿ ತಪ್ಪಿಸುತ್ತವೆ, ಆ ಅಂಕಿಯನ್ನು ನಾನು ಬರೆದುಕೊಳ್ಳುವುದೇ ಇಲ್ಲ. ಅದರ ಬದಲು ಟೇಪಿನಲ್ಲಿ ಎರಡು ಅಳತೆ ಸಾಕು: ಹೊಕ್ಕುಳ ಮಟ್ಟದಲ್ಲಿ ಹೊಟ್ಟೆ, ಪಾದದ ಗಂಟಿನ ಮೇಲೆ ಕಾಲು.

ಯಂತ್ರ ಸರಿಯಿದ್ದರೆ, ಚಿಂತೆಗೆ ಕಾರಣವಿಲ್ಲದ ನೀರನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ 400ರಿಂದ 500 ಗ್ರಾಂ ಗ್ಲೈಕೋಜನ್ (ದೇಹ ಕೂಡಿಟ್ಟ ಸಕ್ಕರೆ) ಸಂಗ್ರಹ ಇರುತ್ತದೆ, ಪ್ರತಿ ಗ್ರಾಂ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ದ್ರವಾಹಾರದಿಂದ ಮೆತ್ತಗಿನ ಆಹಾರಕ್ಕೆ ಬಂದು ಪಿಷ್ಟ ಸ್ವಲ್ಪ ಹೆಚ್ಚಾದಾಗ ಬರಿದಾಗಿದ್ದ ಈ ಸಂಗ್ರಹ ತುಂಬಿಕೊಂಡು 1ರಿಂದ 2 ಕೆ.ಜಿ. ತೋರಿಸುತ್ತದೆ. ಎರಡನೇ ವಾರದಿಂದ ನಾಲ್ಕನೇ ವಾರದ ನಡುವೆ ಇಳಿಕೆ ನಿಂತುಹೋಗುವುದಕ್ಕೂ ಇದೇ ಮುಖ್ಯ ಕಾರಣ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ದಿನ ಸರ್ಜರಿಗೆ ಮುಂಚಿಗಿಂತ ಹೆಚ್ಚು ತೂಕ ಕಂಡರೆ ಅದು ಡ್ರಿಪ್‌ನಲ್ಲಿ ಹೋದ ದ್ರವ, ಕೆಲವೇ ದಿನದಲ್ಲಿ ಮೂತ್ರವಾಗಿ ಹೋಗುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದೆರಡು ಕೆ.ಜಿ., ಮಲಬದ್ಧತೆಯಿದ್ದರೆ ಅರ್ಧದಿಂದ ಒಂದು ಕೆ.ಜಿ. ಹೊಸದಾಗಿ ವ್ಯಾಯಾಮ ಶುರು ಮಾಡಿ ಮೈಕೈ ನೋಯುವ ವಾರದಲ್ಲೂ ಸ್ನಾಯುಗಳು ನೀರು ಹಿಡಿಯುತ್ತವೆ.

ಉಪ್ಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದೇಹ ಹೊರಹಾಕದೆ ಉಳಿಸಿಕೊಂಡ ಪ್ರತಿ 9 ಗ್ರಾಂ ಉಪ್ಪಿಗೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಒಳಗೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಪ್ಯಾಕೆಟ್ ಸೂಪ್, ಎಲೆಕ್ಟ್ರೊಲೈಟ್ ಪಾನೀಯ ಇವೆಲ್ಲ ಎಲ್ಲರಿಗೂ ನೆನಪಾಗುತ್ತವೆ. ಯಾರ ಗಮನಕ್ಕೂ ಬಾರದ್ದು ನೀರಿನಲ್ಲಿ ಬುರುಗುಕ್ಕಿ ಕರಗುವ ಮಾತ್ರೆಗಳು. ಇಡೀ ಮಾತ್ರೆ ನುಂಗಲು ಕಷ್ಟ ಎಂದು ಇವನ್ನೇ ಆರಿಸಿಕೊಳ್ಳುವವರು ಹಲವರು. ಈ ರೀತಿಯ ಒಂದು ನೋವಿನ ಮಾತ್ರೆಯಲ್ಲಿ 400 ಮಿ.ಗ್ರಾಂ. ಸೋಡಿಯಂ ಇರಬಹುದು, ಅಂದರೆ 1 ಗ್ರಾಂ ಉಪ್ಪು. ದಿನಕ್ಕೆ ಆರು ತೆಗೆದುಕೊಂಡರೆ ಊಟದ ಉಪ್ಪು ಸೇರುವ ಮೊದಲೇ ಮಿತಿ ದಾಟಿತು. ಲೇಬಲ್ ಓದಿ, ಸಾದಾ ರೂಪಕ್ಕೆ ಬದಲಿಸಿಕೊಡಲು ವೈದ್ಯರನ್ನು ಕೇಳಿ.

ಇವೆಲ್ಲ ಒಂದು ವಾರ, ಹತ್ತು ದಿನದಲ್ಲಿ ತಾವಾಗಿಯೇ ಇಳಿಯುತ್ತವೆ. ಇಳಿಯದಿದ್ದರೆ, ಅಥವಾ ಕಾಲು, ಮುಖ, ಹೊಟ್ಟೆ ಊದಿದಂತೆ ಕಂಡರೆ, ಮುಂದಿನ ಹೆಜ್ಜೆ ಊತದ ಪರೀಕ್ಷೆ. ಕಣಕಾಲಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳಿನಿಂದ 10 ಸೆಕೆಂಡ್ ಒತ್ತಿ ಬಿಡಬೇಕು. ಕುಳಿ ಹಾಗೇ ಉಳಿದರೆ ಅಲ್ಲಿ ನೀರು ನಿಂತಿದೆ. ಎರಡೂ ಕಾಲಿನಲ್ಲಿ ಕುಳಿ ಬಿದ್ದರೆ ಕಾರಣ ಇಡೀ ದೇಹಕ್ಕೆ ಸೇರಿದ್ದು. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎರಡೂ ಕಾಲಿನ ಊತದಲ್ಲಿ ನಾನು ಮೊದಲು ನೋಡುವುದು ಪ್ರೋಟೀನ್. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸಾಮಾನ್ಯವಾಗಿ ಪ್ರತಿ ಡೆಸಿಲೀಟರಿಗೆ 3.5 ಗ್ರಾಂಗಿಂತ ಮೇಲಿರಬೇಕು. 2.5ಕ್ಕಿಂತ ಕೆಳಗಿಳಿದರೆ ರಕ್ತನಾಳದೊಳಗೆ ನೀರನ್ನು ಹಿಡಿದಿಡುವ ಬಲ ಕುಗ್ಗಿ ಅದು ಚರ್ಮದಡಿಗೆ ಸೋರುತ್ತದೆ. ಯಂತ್ರದ ಅಂಕಿ ಏರುತ್ತಿರುವಾಗಲೇ ಒಳಗೆ ಸ್ನಾಯು ಕರಗುತ್ತಿರುತ್ತದೆ. ಕೈ ಊರದೆ ಕುರ್ಚಿಯಿಂದ ಏಳಲು ಆಗದಿರುವುದು, ತೋಳು ತೊಡೆ ಸೊರಗುವುದು, ಎಣ್ಣೆ ಎಣ್ಣೆಯಾಗಿ ತೇಲುವ ಮಲ ಇದರ ಗುರುತುಗಳು. ಕರುಳನ್ನು ಹೆಚ್ಚು ಉದ್ದ ಬೈಪಾಸ್ ಮಾಡಿದ ಡುವೋಡಿನಲ್ ಸ್ವಿಚ್ ಮತ್ತು ಒಂದೇ ಜೋಡಣೆಯ ಬೈಪಾಸ್‌ಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಸೋಂಕು, ಉರಿಯೂತ ಇದ್ದಾಗಲೂ ಆಲ್ಬುಮಿನ್ ಇಳಿಯುವುದರಿಂದ ಅದರ ಜೊತೆ ಉರಿಯೂತವನ್ನು ತೋರಿಸುವ ಸಿಆರ್‌ಪಿ ಪರೀಕ್ಷೆಯನ್ನೂ ಬರೆಸಿಕೊಳ್ಳುವುದು ಒಳ್ಳೆಯದು. ದಿನದ ಗುರಿ 60ರಿಂದ 80 ಗ್ರಾಂ ಪ್ರೋಟೀನ್. ಒಂದೇ ಸಲ ಇಳಿಯುವುದಿಲ್ಲವಾದ್ದರಿಂದ 15ರಿಂದ 20 ಗ್ರಾಂನಂತೆ ನಾಲ್ಕು ಪಾಲು ಮಾಡಿ, ತಟ್ಟೆಯಲ್ಲಿ ಪ್ರೋಟೀನನ್ನೇ ಮೊದಲು ತಿನ್ನಬೇಕು. ಕೊರತೆ ತೀವ್ರವಾಗಿದ್ದರೆ ಮನೆಯಲ್ಲಿ ಸರಿಪಡಿಸುವ ಮಾತಿಲ್ಲ. ಹಸಿದ ದೇಹಕ್ಕೆ ಏಕಾಏಕಿ ಆಹಾರ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿಯುತ್ತವೆ; ಆಸ್ಪತ್ರೆಯಲ್ಲಿ ಅಳೆದು ಅಳೆದು ಏರಿಸಬೇಕು.

ಎರಡನೆಯದು ಥಯಾಮಿನ್, ಅಂದರೆ ವಿಟಮಿನ್ ಬಿ1. ದೇಹದ ದಾಸ್ತಾನು ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಸರ್ಜರಿಯ ನಂತರ ಪದೇ ಪದೇ ವಾಂತಿಯಾಗುತ್ತಿದ್ದರೆ, ಕಾಲು ಊದಿ, ಎದೆ ಡವಗುಟ್ಟಿ, ಮಲಗಿದರೆ ಉಸಿರು ಕಟ್ಟಿದರೆ ಅದು ಬೆರಿಬೆರಿ ಆಗಿರಬಹುದು. ಪಾದ ಜೋಮು ಹಿಡಿಯುವುದು, ಎರಡೆರಡು ಕಾಣುವುದು, ನಡಿಗೆ ತೂರಾಡುವುದು, ಮಾತು ಗೊಂದಲವಾಗುವುದು ನರಮಂಡಲಕ್ಕೆ ಏಟು ಬಿದ್ದ ಸೂಚನೆ, ತಡವಾದರೆ ಹಾನಿ ಶಾಶ್ವತ. ರಿಪೋರ್ಟ್ ಬರಲಿ ಎಂದು ಕಾಯುವ ಕಾಯಿಲೆ ಇದಲ್ಲ. ತುರ್ತು ವಿಭಾಗಕ್ಕೆ ಹೋದಾಗ ಈ ವಾಕ್ಯವನ್ನು ಹೀಗೇ ಹೇಳಿ ಎಂದು ಮನೆಯವರಿಗೆ ಬರೆದು ಕೊಡುತ್ತೇನೆ: "ಇವರಿಗೆ ಬೇರಿಯಾಟ್ರಿಕ್ ಸರ್ಜರಿ ಆಗಿದೆ, ವಾಂತಿ ಇದೆ, ಗ್ಲೂಕೋಸ್ ಹಾಕುವ ಮೊದಲು ಥಯಾಮಿನ್ ಕೊಡಿ." ಥಯಾಮಿನ್ ಇಲ್ಲದೆ ಗ್ಲೂಕೋಸ್ ಡ್ರಿಪ್ ಹಾಕಿದರೆ ಉಳಿದಿದ್ದ ಅಲ್ಪಸ್ವಲ್ಪವೂ ಖರ್ಚಾಗಿ ಸ್ಥಿತಿ ಕೆಡುತ್ತದೆ.

ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಯೂ ಮೊದಲು ತೂಕದಲ್ಲೇ ಕಾಣಿಸಬಹುದು. ಒಂದು ವಾರದೊಳಗೆ 2 ಕೆ.ಜಿ.ಗಿಂತ ಹೆಚ್ಚು ಏರಿ ಜೊತೆಗೆ ಉಸಿರಾಟದ ತೊಂದರೆ, ನೊರೆನೊರೆ ಮೂತ್ರ, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ಹೊಟ್ಟೆ ಬಿಗಿದುಕೊಳ್ಳುವುದು ಇದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಇನ್ನು ಔಷಧಿ. ಇಲ್ಲಿ ಸಿಗುವಷ್ಟು ಉತ್ತರ ಬೇರೆಲ್ಲೂ ಸಿಗುವುದಿಲ್ಲ, ಆದರೂ ಇದನ್ನು ಕೇಳುವವರು ಕಡಿಮೆ. ಕಳೆದ ಮೂರು ತಿಂಗಳಲ್ಲಿ ಶುರುವಾದ, ಪ್ರಮಾಣ ಬದಲಾದ, ಬೇರೆ ವೈದ್ಯರು ಬರೆದ ಪ್ರತಿಯೊಂದನ್ನೂ, ಮೊಣಕಾಲಿಗೆ ಹಾಕಿಸಿಕೊಂಡ ಇಂಜೆಕ್ಷನ್ ಸೇರಿ, ಒಂದು ಹಾಳೆಯಲ್ಲಿ ಬರೆಸುತ್ತೇನೆ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಹಸಿವನ್ನೂ ನೀರನ್ನೂ ಒಟ್ಟಿಗೆ ಏರಿಸುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಪಿಯೋಗ್ಲಿಟಜೋನ್ ನೀರು ಹಿಡಿಯುತ್ತದೆ. ರಕ್ತದೊತ್ತಡದ ಆಮ್ಲೋಡಿಪಿನ್‌ನಿಂದ ಪಾದ ಊದುತ್ತದೆ. ನರದ ನೋವಿಗೆ ಕೊಡುವ ಪ್ರೆಗಾಬಲಿನ್, ಗ್ಯಾಬಾಪೆಂಟಿನ್, ಮನೋವೈದ್ಯರು ಬರೆಯುವ ಒಲಾಂಜಪಿನ್, ಕ್ವೆಟಿಯಾಪಿನ್, ಮಿರ್ಟಜಪಿನ್, ವಾಲ್ಪ್ರೊಯೇಟ್, ಗರ್ಭನಿರೋಧಕವಾಗಿ ಕೊಡುವ ಮೆಡ್ರಾಕ್ಸಿಪ್ರೊಜೆಸ್ಟರೋನ್ ಇಂಜೆಕ್ಷನ್ ಇವೂ ತೂಕ ಏರಿಸುವಂಥವೇ. ಸರ್ಜರಿಯ ನಂತರ ಇನ್ಸುಲಿನ್ ಪ್ರಮಾಣ ಇಳಿಸದೆ ಹಾಗೇ ಬಿಟ್ಟಿದ್ದರೆ ಸಕ್ಕರೆ ಮತ್ತೆ ಮತ್ತೆ ಇಳಿದು, ಅದನ್ನು ಸರಿಮಾಡಲು ತಿಂದು ತಿಂದು ತೂಕ ಏರುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳಿಂದ ಮೂತ್ರಪಿಂಡ ಉಪ್ಪನ್ನು ಉಳಿಸಿಕೊಳ್ಳುತ್ತದೆ. ಬೈಪಾಸ್ ಆದವರಿಗೆ ಇವು ಜೋಡಣೆಯ ಜಾಗದಲ್ಲಿ ಹುಣ್ಣನ್ನೂ ತರುತ್ತವೆ, ಆದ್ದರಿಂದ ಅವರು ಇವನ್ನು ಮುಟ್ಟಲೇಬಾರದು. ಉಳಿದ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಮನೋರೋಗದ ಔಷಧಿ, ಸ್ಟೀರಾಯ್ಡ್ ಥಟ್ಟನೆ ಬಿಟ್ಟರೆ ತೂಕಕ್ಕಿಂತ ದೊಡ್ಡ ಅಪಾಯ.

ಮಕ್ಕಳಾಗುವ ವಯಸ್ಸಿನ ಮಹಿಳೆಯರಿಗೆ ಗರ್ಭಧಾರಣೆಯ ಪರೀಕ್ಷೆ ಮಾಡಿಸದೆ ಮುಂದಕ್ಕೆ ಹೋಗಬಾರದು. ತೂಕ ಇಳಿದಂತೆ ಅಂಡೋತ್ಪತ್ತಿ ಮರಳುತ್ತದೆ, ವರ್ಷಗಟ್ಟಲೆ ಮುಟ್ಟು ಸರಿಯಿಲ್ಲದವರೂ ಬೇಗ ಗರ್ಭಿಣಿಯಾಗಬಹುದು. ಬೈಪಾಸ್ ಆದವರಲ್ಲಿ ನುಂಗುವ ಗರ್ಭನಿರೋಧಕ ಮಾತ್ರೆಗಳನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಮೊದಲ 12ರಿಂದ 18 ತಿಂಗಳು ಗರ್ಭ ಬೇಡ ಎನ್ನುವುದು ಮಗುವಿನ ಪೋಷಣೆಯ ದೃಷ್ಟಿಯಿಂದ.

ಥೈರಾಯ್ಡ್ ಮಾತ್ರೆ (ಲೆವೊಥೈರಾಕ್ಸಿನ್) ನುಂಗುವವರಲ್ಲಿ, ಹಾರ್ಮೋನ್ ಸಾಲುತ್ತಿಲ್ಲ ಎಂದು ತೋರಿಸುವ ಟಿಎಸ್‌ಎಚ್ ಏರಿದ್ದರೆ ಪ್ರಮಾಣ ಹೆಚ್ಚಿಸುವ ಮುನ್ನ ಹೊತ್ತು ಕೇಳಬೇಕು. ಸರ್ಜರಿಯ ನಂತರ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಹೊಸದಾಗಿ ಸೇರಿರುತ್ತವೆ. ಲೆವೊಥೈರಾಕ್ಸಿನ್ ಜೊತೆ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ. ನಡುವೆ 4 ಗಂಟೆ ಅಂತರ ಬೇಕು. ಅಪರೂಪಕ್ಕೆ ಎಲ್ಲ ಸರಿಯಿದ್ದೂ ತೂಕ ಹೊಟ್ಟೆ, ಮುಖ, ಕತ್ತಿನ ಹಿಂಭಾಗದಲ್ಲೇ ಸೇರುತ್ತ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ ಮೂಡಿ, ಸುಮ್ಮನೆ ತಾಗಿದರೂ ಚರ್ಮ ಕಂದಿ, ತೊಡೆಯ ಬಲ ಕುಗ್ಗಿದರೆ ಕುಶಿಂಗ್ ಸಿಂಡ್ರೋಮ್ (ಕಾರ್ಟಿಸಾಲ್ ಹಾರ್ಮೋನ್ ಅತಿಯಾಗುವ ಕಾಯಿಲೆ) ಇರಬಹುದೆಂದು ಹಾರ್ಮೋನ್ ತಜ್ಞರ ಬಳಿ ಕಳಿಸುತ್ತೇನೆ. ರಾತ್ರಿ 1 ಮಿ.ಗ್ರಾಂ. ಡೆಕ್ಸಾಮೆಥಸೋನ್ ಕೊಟ್ಟು ಬೆಳಿಗ್ಗೆ ಕಾರ್ಟಿಸಾಲ್ ನೋಡುವುದು ಅದರ ಮೊದಲ ಪರೀಕ್ಷೆಗಳಲ್ಲೊಂದು.

ತಿಂಗಳುಗಳಲ್ಲಿ ಏರಿದ ತೂಕಕ್ಕೆ 7 ದಿನದ ಬರಹ ಬೇಕು, ಗ್ರಾಂ ಮತ್ತು ಮಿ.ಲೀ. ಲೆಕ್ಕದಲ್ಲಿ, ಕುಡಿದದ್ದೂ ಸೇರಿ. ದಿನಕ್ಕೆ ಬರೀ 150 ಕ್ಯಾಲೊರಿ ಹೆಚ್ಚಾದರೂ ತಿಂಗಳಿಗೆ ಅರ್ಧ ಕೆ.ಜಿ. ಮೀರುತ್ತದೆ. ಅಡುಗೆ ಎಣ್ಣೆ 15 ಮಿ.ಲೀ.ಗೆ ಸುಮಾರು 120 ಕ್ಯಾಲೊರಿ, ಬೀಜಗಳು 30 ಗ್ರಾಂಗೆ ಸುಮಾರು 180. ಸಿಹಿ ಪಾನೀಯ, ಬಾಯಲ್ಲಿ ಕರಗುವ ಕುರುಕಲು, ಊಟದ ಜೊತೆ ಕುಡಿಯುವ ನೀರು ಇವು ಚಿಕ್ಕ ಜಠರದಲ್ಲಿ ನಿಲ್ಲದೆ ಜಾರಿಹೋಗುತ್ತವೆ, ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ. ಕುಡಿಯುವುದಕ್ಕೂ ತಿನ್ನುವುದಕ್ಕೂ ಅರ್ಧ ಗಂಟೆ ಅಂತರವಿಡಿ. ಮದ್ಯ ಬೈಪಾಸ್ ಮತ್ತು ಸ್ಲೀವ್ ನಂತರ ಬೇಗ ರಕ್ತ ಸೇರುತ್ತದೆ, ಚಟವಾಗುವ ಅಪಾಯವೂ ಹೆಚ್ಚು; ಸಂಕೋಚಪಡದೆ ಅದನ್ನೂ ಬರೆಯಬೇಕು. ಬೈಪಾಸ್ ಆಗಿ ವರ್ಷ ಕಳೆದವರು ಊಟದ 1ರಿಂದ 3 ಗಂಟೆಯ ನಂತರ ಬೆವರು, ನಡುಕ ಎಂದರೆ ಆ ಹೊತ್ತಿನಲ್ಲೇ ಗ್ಲೂಕೋಮೀಟರ್ ಹಿಡಿಯಲು ಹೇಳುತ್ತೇನೆ. ಪ್ರತಿ ಡೆಸಿಲೀಟರಿಗೆ 54 ಮಿ.ಗ್ರಾಂ.ಗಿಂತ ಕಡಿಮೆ ಬಂದರೆ ಅದು ಸರ್ಜರಿಯ ನಂತರದ ಹೈಪೊಗ್ಲೈಸೀಮಿಯಾ, ಅಂದರೆ ಸಕ್ಕರೆ ಕುಸಿತ. ಆ ಕ್ಷಣಕ್ಕೆ ಸಕ್ಕರೆ ಬೇಕೇ ಬೇಕು, ಆದರೆ ಅದರ ನಂತರ ಪ್ರೋಟೀನ್ ತಿನ್ನದಿದ್ದರೆ ಸಕ್ಕರೆ ಮತ್ತೆ ಕುಸಿದು ದಿನವಿಡೀ ಇದೇ ಸುತ್ತು.

"ಮೊದಲು ನಾಲ್ಕು ತುತ್ತಿಗೆ ಸಾಕಾಗುತ್ತಿತ್ತು, ಈಗ ಇದ್ದಕ್ಕಿದ್ದಂತೆ ತಟ್ಟೆ ತುಂಬ ತಿನ್ನಬಲ್ಲೆ" ಎಂಬ ಮಾತು ಕೇಳಿದರೆ ಮಾತ್ರ ಮೊದಲು ಒಳಗಿನ ರಚನೆಯನ್ನು ನೋಡಿಸುತ್ತೇನೆ. ಜಠರದ ಸುತ್ತ ಸಲೈನ್ ತುಂಬಿದ ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಆ ಸಲೈನ್ ಸೋರಿರಬಹುದು: ಚರ್ಮದಡಿಯ ಪೋರ್ಟ್‌ನಿಂದ ಹೊರತೆಗೆದಾಗ ತುಂಬಿಸಿದ್ದಕ್ಕಿಂತ ಕಡಿಮೆ ಬಂದರೆ ಅದೇ ಉತ್ತರ. ಬೈಪಾಸ್‌ನಲ್ಲಿ ಜೋಡಣೆಯ ಬಾಯಿ 2 ಸೆಂ.ಮೀ. ಮೀರಿ ಅಗಲವಾಗಿರಬಹುದು, ಇಲ್ಲವೇ ಪುಟ್ಟ ಚೀಲಕ್ಕೂ ಹಳೆಯ ಜಠರಕ್ಕೂ ನಡುವೆ ದಾರಿ ತೆರೆದುಕೊಂಡಿರಬಹುದು. ಇದರ ಜೊತೆ ಎದೆಯುರಿ, ಹುಣ್ಣಿನ ನೋವು ಇರುವುದುಂಟು. ಎಂಡೋಸ್ಕೋಪಿ ಮತ್ತು ಬೇರಿಯಂನಂಥ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ ಎರಡೂ ಬೇಕಾಗುತ್ತವೆ, ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತದೆ.

ಕೊನೆಗೆ ಏನೂ ಸಿಗದೆ, ವರ್ಷಕ್ಕೆ ಒಂದು ಕೆ.ಜಿ.ಯಂತೆ ಏರುತ್ತಿದ್ದರೆ ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಎಸ್‌ಒಎಸ್ ಅಧ್ಯಯನದ ಅಂಕಿಯನ್ನು ತೋರಿಸುತ್ತೇನೆ. ಬೈಪಾಸ್ ಆದವರ ತೂಕ ಒಂದೆರಡು ವರ್ಷದಲ್ಲಿ ಸರಾಸರಿ 32 ಶೇಕಡಾ ಇಳಿದು, 10 ವರ್ಷಕ್ಕೆ 25 ಶೇಕಡಾ ಇಳಿಕೆಯಲ್ಲಿ ನಿಂತಿತ್ತು. 120 ಕೆ.ಜಿ. ಇದ್ದವರಿಗೆ ಇದು 82ಕ್ಕೆ ಇಳಿದು ನಿಧಾನವಾಗಿ 90ಕ್ಕೆ ಬಂದಂತೆ. ಇದಕ್ಕಿಂತ ವೇಗವಾಗಿ ಏರುತ್ತಿದ್ದರೆ ಲಿರಾಗ್ಲುಟೈಡ್, ಸೆಮಾಗ್ಲುಟೈಡ್ ಇಂಜೆಕ್ಷನ್‌ಗಳ ಬಗ್ಗೆ ವೈದ್ಯರ ಜೊತೆ ಮಾತಾಡಬಹುದು. ಆದರೆ ಇವು ಹಸಿವನ್ನು ಇನ್ನೂ ತಗ್ಗಿಸುವುದರಿಂದ ಆಲ್ಬುಮಿನ್ ಮತ್ತು ದಿನದ ಪ್ರೋಟೀನ್ ಲೆಕ್ಕ ಸರಿಯಾದ ಮೇಲೆಯೇ ಶುರು ಮಾಡಬೇಕು. ಎರಡನೇ ಸರ್ಜರಿಯ ಮಾತು ಎಂಡೋಸ್ಕೋಪಿಯಲ್ಲಿ ಸರಿಪಡಿಸಬಹುದಾದ ದೋಷ ಕಂಡ ಮೇಲೆ, ಔಷಧಿಯ ಹಾಳೆಯನ್ನೂ ಏಳು ದಿನದ ಬರಹವನ್ನೂ ಸರ್ಜನ್ ಕೂತು ಓದಿದ ಮೇಲೆ.