ಬೆಳಗಿನ ಬಿಪಿ ಇಳಿಯುತ್ತಿಲ್ಲವೇ? ರಾತ್ರಿಯ ನಿದ್ದೆಯನ್ನೂ ಬರೆದಿಡಿ

ಆರೋಗ್ಯವಂತರ ರಕ್ತದೊತ್ತಡ ನಿದ್ದೆಯಲ್ಲಿ ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿಯುತ್ತದೆ. ನಿದ್ದೆ ಪದೇ ಪದೇ ಮುರಿದರೆ ಅಡ್ರಿನಲಿನ್ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಈ ಇಳಿತ ಕಡಿಮೆಯಾಗುತ್ತದೆ. ಕೆಲವರಲ್ಲಂತೂ ಬಿಪಿ ಇಳಿಯುವುದೇ ಇಲ್ಲ. ಮಾತ್ರೆ ತಪ್ಪಿಸದಿದ್ದರೂ ಬೆಳಗಿನ ಬಿಪಿ ಹತೋಟಿಗೆ ಬರುತ್ತಿಲ್ಲವೆಂದರೆ, ವೈದ್ಯರನ್ನು ಕಾಣುವ ಹಿಂದಿನ ಒಂದು ವಾರ ಬಿಪಿ, ನಿದ್ದೆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿಡಿ.

ಬೆಳಿಗ್ಗೆ ಎದ್ದು ಒಂದು ಗಂಟೆಯೊಳಗೆ, ಮೂತ್ರ ಮಾಡಿ ಬಂದ ಮೇಲೆ, ಮಾತ್ರೆ, ಕಾಫಿ, ತಿಂಡಿಗೆ ಮುಂಚೆ ಅಳೆಯಿರಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಬೇಕು. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ತೋಳು ಜೋತುಬಿದ್ದಿದ್ದರೆ, ಮಾತಾಡುತ್ತಿದ್ದರೆ, ಯಂತ್ರದ ತೋಳುಪಟ್ಟಿ ಚಿಕ್ಕದಾಗಿದ್ದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಬೇಡಿ. 1 ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಸಂಜೆಯೂ ಹೀಗೆಯೇ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ: ಮನೆಯಲ್ಲಿ ಅಳೆದದ್ದು 135/85 ಅಥವಾ ಹೆಚ್ಚಿದ್ದರೆ ಅದು ಹೆಚ್ಚೇ.

ಪಕ್ಕದಲ್ಲೇ ನಿದ್ದೆಯ ಲೆಕ್ಕ: ಮಲಗಿದ್ದು, ಎದ್ದದ್ದು, ನಡುವೆ ಎಷ್ಟು ಸಲ ಎಚ್ಚರವಾಯಿತು, ಮೂತ್ರಕ್ಕೆ ಎಷ್ಟು ಸಲ ಎದ್ದಿರಿ, ಬೆಳಿಗ್ಗೆ ಬಾಯಿ ಒಣಗಿತ್ತೇ, ತಲೆ ನೋಯುತ್ತಿತ್ತೇ. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಆದರೆ ಗಂಟೆಗಳಿಗಿಂತ ಮುಖ್ಯವಾದ ಸುಳಿವು ಗೊರಕೆಯಲ್ಲಿರುತ್ತದೆ, ಅದನ್ನು ಪಕ್ಕದಲ್ಲಿ ಮಲಗುವವರನ್ನೇ ಕೇಳಬೇಕು. ಜೋರು ಗೊರಕೆ ಇದ್ದಕ್ಕಿದ್ದಂತೆ ನಿಂತು, ಹತ್ತು ಸೆಕೆಂಡೋ ಅದಕ್ಕೂ ಹೆಚ್ಚೋ ಸದ್ದೇ ಇಲ್ಲದೆ, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತದೆಯೇ? ಅದು ಸ್ಲೀಪ್ ಆಪ್ನಿಯಾದ, ಅಂದರೆ ನಿದ್ದೆಯಲ್ಲಿ ಪದೇ ಪದೇ ಉಸಿರು ಕಟ್ಟುವ ತೊಂದರೆಯ ಲಕ್ಷಣ. ಗಂಟಲಿನ ದಾರಿ ಮುಚ್ಚಿ ಆಮ್ಲಜನಕ ಇಳಿದಾಗಲೆಲ್ಲ ಬಿಪಿ ಜಿಗಿಯುತ್ತದೆ, ರಾತ್ರಿಯಲ್ಲಿ ನೂರಾರು ಸಲ ಹೀಗಾಗುವವರಿದ್ದಾರೆ. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದಕ್ಕೂ ಇದು ಕಾರಣವಾಗುತ್ತದೆ, ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ. ಮೂರು ಬಗೆಯ ಮಾತ್ರೆಗೂ ಬಗ್ಗದ ಬಿಪಿ ಇದ್ದವರು ಸ್ಲೀಪ್ ಆಪ್ನಿಯಾ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಲೇಬೇಕು. ಇದರ ಚಿಕಿತ್ಸೆಗೆ ಕೊಡುವ, ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರದಿಂದ ಬಿಪಿ ಸಾಮಾನ್ಯವಾಗಿ ಸ್ವಲ್ಪವೇ ಇಳಿಯುತ್ತದೆ. ಅದನ್ನು ನಂಬಿ ಮಾತ್ರೆ ಬಿಡುವಂತಿಲ್ಲ.

ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ನುಂಗಿದರೆ ರಾತ್ರಿಯಿಡೀ ಓಡಾಟವೇ. ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಳಿ. ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಮಾತ್ರೆಗಳು, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ. ಗೊರಕೆಯಿದ್ದವರು ತಾವಾಗಿಯೇ ನಿದ್ದೆ ಮಾತ್ರೆ ತೆಗೆದುಕೊಳ್ಳುವುದು ಅಪಾಯ. ಮದ್ಯವೂ ಅಷ್ಟೇ, ಗಂಟಲಿನ ಸ್ನಾಯುಗಳನ್ನು ಸಡಿಲಿಸಿ ಉಸಿರುಕಟ್ಟುವುದನ್ನು ಹೆಚ್ಚಿಸುತ್ತದೆ. ಕಾಫಿಯನ್ನು ಮಧ್ಯಾಹ್ನಕ್ಕೇ ನಿಲ್ಲಿಸಿ. ಅಂಗಾತ ಮಲಗಿದಾಗ ಗೊರಕೆ ಜೋರಾಗುವವರು ಮಗ್ಗುಲಾಗಿ ಮಲಗಲಿ.

ಹಾಳೆ ನೋಡಿದ ಮೇಲೂ ಅನುಮಾನ ಉಳಿದರೆ ವೈದ್ಯರು 24 ಗಂಟೆ ತೋಳಿಗೆ ಕಟ್ಟಿಕೊಳ್ಳುವ ಬಿಪಿ ಯಂತ್ರ ಕೊಡಬಹುದು. ಅದರಲ್ಲಿ ನಿದ್ದೆಯ ಹೊತ್ತಿನ ಸರಾಸರಿ 120/70 ತಲುಪಿದರೂ ಹೆಚ್ಚೆಂದೇ ಲೆಕ್ಕ. 180/120 ದಾಟಿದ್ದು ಜೊತೆಗೆ ಎದೆನೋವು, ಉಸಿರಾಟಕ್ಕೆ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು, ದೃಷ್ಟಿ ಮಂಜಾಗುವುದು ಕಂಡರೆ ವಾರದ ಲೆಕ್ಕ ಮುಗಿಯಲೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.