ಡೇಟಾಬೇಸ್ ಲಾಗ್‌ನ ಮಟ್ಟವನ್ನು ಸರಿಯಾಗಿ ಇಡುವುದು ಹೇಗೆ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಲ್ಲಿ ಲಾರಿಯ ತೂಕ, ಬಿಲ್ಲುಗಳನ್ನು ಹಿಡಿದಿಡುವ ಪೋಸ್ಟ್‌ಗ್ರೆಸ್ (ಡೇಟಾಬೇಸ್ ತಂತ್ರಾಂಶ) ಸರ್ವರ್‌ಗಳನ್ನು ನೋಡಿಕೊಳ್ಳುವವರು, ಡಿಸ್ಕ್ ತುಂಬಿತೆಂದು ಲಾಗ್ ಮಟ್ಟವನ್ನು (ಸರ್ವರ್ ತನ್ನ ದಾಖಲೆ ಕಡತದಲ್ಲಿ ಎಷ್ಟು ಗಂಭೀರವಾದ ಸಂದೇಶಗಳನ್ನಷ್ಟೇ ಬರೆಯಬೇಕೆಂಬುದನ್ನು) ‘ಫೇಟಲ್’ಗೆ ಏರಿಸುವುದನ್ನು ಪದೇ ಪದೇ ಕಂಡಿದ್ದೇನೆ. ಹಾಗೆ ಮಾಡಬಾರದು.

ಮೊದಲು ಕಾನ್ಫಿಗರೇಷನ್ ಕಡತದ ಒಂದು ನಕಲನ್ನು ತೆಗೆದಿಟ್ಟುಕೊಳ್ಳಿ. ಬಳಿಕ ಅದರಲ್ಲಿ ‘ಲಾಗ್_ಮಿನ್_ಮೆಸೇಜಸ್’ ಸಾಲನ್ನು ಹುಡುಕಿ.

ಎಡವುವುದು ಇಲ್ಲೇ. ಕೆಳಗಿನಿಂದ ಮೇಲಕ್ಕೆ ಇಲ್ಲಿನ ಕ್ರಮ ಹೀಗಿದೆ: ಡೀಬಗ್‌ನ 5 ಮಟ್ಟಗಳು, ಇನ್ಫೋ, ನೋಟಿಸ್, ವಾರ್ನಿಂಗ್, ಎರರ್, ಲಾಗ್, ಫೇಟಲ್, ಪ್ಯಾನಿಕ್. ನೀವು ಆರಿಸಿದ ಮಟ್ಟದ ಹಾಗೂ ಅದಕ್ಕೂ ಮೇಲಿನ ಸಂದೇಶಗಳು ಮಾತ್ರ ಕಡತ ಸೇರುತ್ತವೆ. ‘ಲಾಗ್’ ಎಂಬ ಹೆಸರಿನ ಮಟ್ಟವು ಫೇಟಲ್‌ಗಿಂತ ಕೆಳಗಿರುವುದರಿಂದ, ಫೇಟಲ್ ಎಂದು ಬರೆದೊಡನೆ ದೋಷಗಳ ಜೊತೆಗೆ ನಿಧಾನ ಕ್ವೆರಿಗಳ ದಾಖಲೆ, ಚೆಕ್‌ಪಾಯಿಂಟ್ (ಬದಲಾವಣೆಗಳನ್ನು ಡಿಸ್ಕಿಗೆ ಬರೆದು ಮುಗಿಸುವ ಹಂತ) ಮತ್ತು ಆಟೋವ್ಯಾಕ್ಯೂಮ್ (ಬೇಡವಾದ ಹಳೆಯ ಸಾಲುಗಳನ್ನು ತಾನೇ ತೆರವುಗೊಳಿಸುವ ಕೆಲಸ) ವರದಿಗಳೂ ನಿಂತುಹೋಗುತ್ತವೆ. ಕರೆಂಟು ಹೋಗಿ ಬಂದ ಮೇಲೆ, ಸರ್ವರ್ ಸರಿಯಾಗಿ ಮುಚ್ಚಿರಲಿಲ್ಲ, ಚೇತರಿಕೆ ನಡೆಯುತ್ತಿದೆ ಎಂದು ತಿಳಿಸುವ ಸಾಲು ಕೂಡ ಲಾಗ್ ಮಟ್ಟದ್ದೇ. ಸುಗ್ಗಿಯ ನಡುವೆ ಅದಿಲ್ಲದೆ ಕಾರಣ ಹುಡುಕುವುದು ಬಹಳ ಕಷ್ಟ.

‘ಎರರ್’ ಕೂಡ ಬೇಡ. 14ನೆಯ ಆವೃತ್ತಿಯಿಂದೀಚೆಗೆ, ಟ್ರಾನ್ಸಾಕ್ಷನ್ ಸಂಖ್ಯೆಗಳು (ದಾಖಲೆ ಬದಲಿಸುವ ಪ್ರತಿ ವ್ಯವಹಾರಕ್ಕೆ ಸರ್ವರ್ ಕೊಡುವ ಸಂಖ್ಯೆಗಳು) ಮುಗಿಯಲು 4 ಕೋಟಿ ಉಳಿದಾಗ ಸರ್ವರ್ ಎಚ್ಚರಿಸತೊಡಗುತ್ತದೆ, 30 ಲಕ್ಷಕ್ಕಿಂತ ಕಡಿಮೆಯಾದರೆ ಹೊಸ ದಾಖಲೆಗಳನ್ನು ನಿರಾಕರಿಸುತ್ತದೆ. ಆ ಎಚ್ಚರಿಕೆ ವಾರ್ನಿಂಗ್ ಮಟ್ಟದ್ದು. ಆದ್ದರಿಂದ ಮೂಲದಲ್ಲಿರುವ ‘ವಾರ್ನಿಂಗ್’ ಅನ್ನೇ ಉಳಿಸಿ. ಡೀಬಗ್ ಬೇಕೆನಿಸಿದರೆ ಸೂಪರ್‌ಯೂಸರ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಒಂದು ಸೆಷನ್‌ಗೆ (ಸರ್ವರ್ ಜೊತೆಗಿನ ಒಂದು ಸಂಪರ್ಕಕ್ಕೆ) ಮಾತ್ರ ಹಾಕಿಕೊಳ್ಳಿ. ವೇಗ ಹೆಚ್ಚಿಸುತ್ತೇವೆಂದು ಅಂತರ್ಜಾಲದಲ್ಲಿ ಸಿಗುವ ಸಿದ್ಧ ಕಡತಗಳನ್ನು ಓದದೆ ಅಂಟಿಸಲೇಬೇಡಿ.

‘ಲಾಗ್_ಮಿನ್_ಎರರ್_ಸ್ಟೇಟ್‌ಮೆಂಟ್’ ಎರರ್‌ನಲ್ಲೇ ಇರಲಿ. ವಿಫಲವಾದ ಆದೇಶ ಯಾವುದೆಂದು ಅದರಿಂದಲೇ ತಿಳಿಯುತ್ತದೆ.

ಡಿಸ್ಕ್ ತುಂಬುವುದಕ್ಕೆ ಪರಿಹಾರ ಬೇರೆಯೇ ಇದೆ. ‘ಲಾಗ್_ಮಿನ್_ಡ್ಯುರೇಷನ್_ಸ್ಟೇಟ್‌ಮೆಂಟ್’ 0 ಆಗಿದ್ದರೆ ಪ್ರತಿಯೊಂದು ಆದೇಶವೂ ಬರೆಯಲ್ಪಡುತ್ತದೆ. ಅದನ್ನು 1000 ಮಿಲಿಸೆಕೆಂಡಿಗೆ ಏರಿಸಿ. ಲಾಗಿಂಗ್ ಕಲೆಕ್ಟರ್ (ಸಂದೇಶಗಳನ್ನು ಹಿಡಿದು ಲಾಗ್ ಕಡತಕ್ಕೆ ಬರೆಯುವ ಪ್ರಕ್ರಿಯೆ) ಚಾಲನೆಯಲ್ಲಿದ್ದರೆ, ಕಡತದ ಹೆಸರಿನಲ್ಲಿ ವಾರದ ದಿನ ಬರುವಂತೆ ಮಾಡಿ, ದಿನಕ್ಕೊಮ್ಮೆ ಕಡತ ಬದಲಾಗುವಂತಿಟ್ಟು, ‘ಲಾಗ್_ಟ್ರಂಕೇಟ್_ಆನ್_ರೊಟೇಷನ್’ ಆನ್ ಮಾಡಿದರೆ ಹಳೆಯ ವಾರದ ಕಡತದ ಮೇಲೆಯೇ ಹೊಸದು ಬರುತ್ತದೆ, ಏಳು ದಿನದ ದಾಖಲೆ ಮಾತ್ರ ಉಳಿಯುತ್ತದೆ.

ಕೊನೆಗೆ, ಬದಲಾದ ಕಡತವನ್ನು ಸರ್ವರ್ ಮತ್ತೆ ಓದುವಂತೆ ‘ಪಿಜಿ_ರೀಲೋಡ್_ಕಾನ್ಫ್’ ಕರೆಯಿರಿ. ಲಾಗಿಂಗ್ ಕಲೆಕ್ಟರನ್ನು ಹೊಸದಾಗಿ ಆನ್ ಮಾಡಿದ್ದರೆ ಮಾತ್ರ ಸರ್ವರನ್ನು ಮರುಪ್ರಾರಂಭಿಸಬೇಕು. ತಪ್ಪು ಪಾಸ್‌ವರ್ಡ್ ಕೊಟ್ಟು ಪರೀಕ್ಷಿಸುವುದರಿಂದ ಏನೂ ತಿಳಿಯದು, ಏಕೆಂದರೆ ಆ ಸಂದೇಶ ಫೇಟಲ್ ಮಟ್ಟದ್ದು, ಮಟ್ಟವನ್ನು ಫೇಟಲ್‌ಗೆ ಏರಿಸಿದ್ದರೂ ಬರುತ್ತದೆ. ಒಂದು ಸೆಷನ್‌ನಿಂದ ‘ರೈಸ್ ವಾರ್ನಿಂಗ್’ ಕಳಿಸಿ, ಅದು ಕಡತದಲ್ಲಿ ಬಂದಿದೆಯೇ ಎಂದು ಕಣ್ಣಾರೆ ನೋಡಿ.